ಕೈ ಬಿಟ್ಟದ್ದೋ, ತಾನು ಬಿಟ್ಟದ್ದೋ

ಮದ್ರಾಸಿನ ತಂಬುಚೆಟ್ಟಿ ಬೀದಿಯಲ್ಲಿ, ಹೈಕೋರ್ಟಿಗೆ ನಾಲ್ಕು ಹೆಜ್ಜೆ ದೂರದಲ್ಲಿ, ಬದರಿನಾಥ ರಾಯರ ಹೋಟೆಲಿತ್ತು. ಅದರ ಅಡಿಗೆಮನೆಯಲ್ಲಿ ಕಿಟ್ಟಣ್ಣ ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದ. ಬಾರ್ಕೂರಿನ ಕಡೆಯವನು; ಯುದ್ಧದ ಕಾಲದಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಅಕ್ಕಿ ಸಿಗದ ಊರಿನಿಂದ ಅನ್ನ ಸಿಗುವ ಊರಿಗೆ ಬಂದವನು. ಮೊದಲು ಎಲೆ ಎತ್ತಿದ, ಆಮೇಲೆ ರುಬ್ಬುವ ಕಲ್ಲಿನ ಮುಂದೆ ಕೂತ, ಆಮೇಲೆ ಇಡ್ಲಿಯ ಒಲೆಗೆ ಬಂದ. ಮಾತು ಕಡಿಮೆ. ಕೆಲಸದಲ್ಲಿ ಅಚ್ಚುಕಟ್ಟು. ಮೊದಲ ಹನ್ನೆರಡು ವರ್ಷ, ಇವನು ಒಂದು ಲೋಟವನ್ನಾದರೂ ಕೈಯಿಂದ ಬೀಳಿಸಿದವನಲ್ಲ ಎಂದು ರಾಯರು ಹೊಸಬರಿಗೆ ಅವನನ್ನು ತೋರಿಸಿ ಹೇಳುತ್ತಿದ್ದರು.

ನಲವತ್ತೊಂಬತ್ತನೆಯ ಇಸವಿಯಲ್ಲಿ ರಜೆಗೆ ಊರಿಗೆ ಹೋದವನು ತಿರುಗಿ ಹೊರಟಾಗ ನೆರೆಮನೆಯ ಹೆಂಗಸು ತನ್ನ ಮಗ ಶೀನನನ್ನು ಕರೆತಂದು ಅಂಗಳದಲ್ಲಿ ನಿಲ್ಲಿಸಿದಳು. ಅವನಿಗಾಗ ಹದಿನೆಂಟು.

"ಇವನಿಗೆ ಅಪ್ಪ ಇಲ್ಲ ಕಿಟ್ಟ. ನಿನ್ನ ಕೈಗೆ ಹಾಕಿದ್ದೇನೆ. ಅಣ್ಣನ ಹಾಗೆ ನೋಡಿಕೊ" ಎಂದಳು.

ಕಿಟ್ಟಣ್ಣ ನೋಡಿಕೊಂಡ. ಹೋಟೆಲಿನ ಮಹಡಿಯ ಕೋಣೆಯಲ್ಲಿ ತನ್ನ ಚಾಪೆಯ ಪಕ್ಕಕ್ಕೆ ಅವನ ಚಾಪೆ ಹಾಸಿಸಿದ. ಕೊತ್ತವಾಲ್ ಚಾವಡಿಯ ಸಂತೆಯಲ್ಲಿ ಬದನೆ ಹೇಗೆ ಆರಿಸಬೇಕು, ತೊಗರಿ ಬೆಂದದ್ದನ್ನು ವಾಸನೆಯಿಂದ ಹೇಗೆ ತಿಳಿಯಬೇಕು, ಎಲ್ಲ ಹೇಳಿಕೊಟ್ಟ. ಆದರೆ ಶೀನನ ಕೈಯಲ್ಲಿ ಯಾರೂ ಹೇಳಿಕೊಡದ್ದು ಏನೋ ಒಂದಿತ್ತು. ಅದೇ ಬೇಳೆ, ಅದೇ ಹುಣಸೆ, ಅದೇ ಇಂಗು. ಅವನು ಮಾಡಿದ ಸಾಂಬಾರಿಗೆ ಜನ ಎಲೆಯ ಮೇಲಿನ ಇಡ್ಲಿ ಮುಗಿದ ಮೇಲೂ ಬಟ್ಟಲು ಚಾಚುತ್ತಿದ್ದರು. ನಾಲ್ಕೈದು ವರ್ಷ ಕಳೆಯುವುದರೊಳಗೆ ಕೋರ್ಟಿನ ವಕೀಲರು ಕೂರುವ ಮೊದಲೇ "ಇವತ್ತು ಶೀನನ ಸಾಂಬಾರಾ?" ಎಂದು ಕೇಳುವಂತಾಯಿತು.

ಕಿಟ್ಟಣ್ಣನಿಗೆ ಮೊದಮೊದಲು ಹೆಮ್ಮೆಯೇ ಆಗಿತ್ತು. ತಾನು ತಂದ ಹುಡುಗ. ಹೆಮ್ಮೆ ಯಾವ ದಿನ ಹುಳಿಯಾಯಿತೆಂದು ಅವನಿಗೆ ಗೊತ್ತಾಗಲಿಲ್ಲ. ಐವತ್ತನಾಲ್ಕರಲ್ಲಿ ಒಂದು ಶುಕ್ರವಾರ, ಶೀನ ಹಿತ್ತಲಿಗೆ ಕೈ ತೊಳೆಯಲು ಹೋದಾಗ, ಕಿಟ್ಟಣ್ಣ ಉಪ್ಪಿನ ಮರಿಗೆಯಿಂದ ಒಂದು ಮುಷ್ಟಿ ಹರಳುಪ್ಪು ತೆಗೆದು ಶೀನನ ಕೊಪ್ಪರಿಗೆಯ ಮೇಲೆ ಕೈ ಹಿಡಿದು ನಿಂತುಬಿಟ್ಟಿದ್ದ. ಯಾಕೆ ತೆಗೆದೆ, ಯಾವಾಗ ಎದ್ದು ಬಂದೆ ಒಂದೂ ತಿಳಿಯದು. ಹಿತ್ತಲಲ್ಲಿ ನೀರು ಸುರಿಯುವ ಸದ್ದು ನಿಂತಿತು. ಅವನು ತಿರುಗಿ ಹೋಗಿ ಉಪ್ಪನ್ನು ಮರಿಗೆಗೆ ಹಾಕಿದ. ಅಂಗೈಗೆ ನಾಲ್ಕು ಹರಳು ಅಂಟಿಕೊಂಡಿದ್ದವು. ಆ ದಿನ ಮಧ್ಯಾಹ್ನ ಅವನು ಎರಡು ತುತ್ತು ಹೆಚ್ಚೇ ಉಂಡ; ಏನೋ ಬಂದಿತ್ತು, ಹೋಯಿತು, ನಾನು ಕೆಟ್ಟವನಲ್ಲ ಎಂದು ಸಮಾಧಾನವಾಗಿತ್ತು.

ಮರುವರ್ಷ ಹಳೆಯ ಮಾಸ್ಟರ್ ಉಪಾಧ್ಯರು ಕಣ್ಣು ಮಂಜಾಗಿ ಊರಿಗೆ ಹೊರಟರು. ಹೋಟೆಲುಗಳಲ್ಲಿ ಅಡಿಗೆಯ ಯಜಮಾನನಿಗೆ ಮಾಸ್ಟರ್ ಎನ್ನುವುದು. ಕಿಟ್ಟಣ್ಣನಿಗೆ ಆ ಜಾಗ ತನ್ನದೆಂದು ಒಳಗೊಳಗೇ ನಂಬಿಕೆಯಿತ್ತು. ರಾಯರು ಅವನನ್ನು ಕರೆದು, ಎಲೆಅಡಿಕೆಯ ತಟ್ಟೆ ಪಕ್ಕಕ್ಕೆ ಸರಿಸಿ, ಹೇಳಿದರು.

"ದೀಪಾವಳಿಯಿಂದ ಶೀನನನ್ನು ಮಾಸ್ಟರ್ ಮಾಡುವ ಅಂತ ನನ್ನ ಮನಸ್ಸಲ್ಲುಂಟು. ನಿನಗೆ ಬೇಸರ ಇಲ್ಲವಲ್ಲ ಕಿಟ್ಟ?"

"ಎಂತ ಬೇಸರ ರಾಯ್ರೇ. ಅವ ನನ್ನ ತಮ್ಮನ ಹಾಗೆ ಅಲ್ವಾ?"

ಆ ಮಾತನ್ನು ಅವನು ನಗುತ್ತಲೇ ಹೇಳಿದ. ಆದರೆ ಅಂದಿನಿಂದ ರುಬ್ಬುವಾಗ, ಒಲೆಗೆ ಕಟ್ಟಿಗೆ ಒಟ್ಟುವಾಗ, ಸ್ನಾನದ ನೀರು ಸೇದುವಾಗ ಒಂದೇ ಯೋಚನೆ. ಶೀನನನ್ನು ತಾಯಿ ಊರಿಗೆ ಕರೆಸಿಕೊಂಡರೆ? ಬೇರೆ ಹೋಟೆಲಿನವರು ಆಸೆ ತೋರಿಸಿ ಒಯ್ದರೆ? ಜ್ವರ ಬಂದು ಎರಡು ತಿಂಗಳು ಮಲಗಿದರೆ? ಅವನಿಗೆ ಕೆಡುಕಾಗಲಿ ಎಂದು ನಾನು ಬಯಸಿಲ್ಲ, ಅವನು ಇಲ್ಲಿ ಇಲ್ಲದಿದ್ದರೆ ಸಾಕು ಎಂದಷ್ಟೇ, ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೀಗೆ ಹನ್ನೊಂದು ದಿನ ನಡೆಯಿತು.

ಹನ್ನೆರಡನೆಯ ದಿನ ನವೆಂಬರಿನ ಮಳೆ. ಬೆಳಗಿನ ಹತ್ತು ಗಂಟೆ. ಅಡಿಗೆಮನೆಯ ನೆಲ ಒದ್ದೆಯಾಗಿತ್ತು. ಕುದಿಯುವ ಸಾಂಬಾರಿನ ಹಿತ್ತಾಳೆಯ ಕೊಪ್ಪರಿಗೆಯನ್ನು ಒಲೆಯಿಂದ ಬಡಿಸುವ ಕಟ್ಟೆಗೆ ಇಬ್ಬರು ಹೊತ್ತು ತರಬೇಕು. ಹನ್ನೆರಡು ಹೆಜ್ಜೆಯ ದಾರಿ. ಶೀನ ಒಂದು ಕಿವಿ ಹಿಡಿದು ಹಿಮ್ಮುಖವಾಗಿ ನಡೆದ, ಕಿಟ್ಟಣ್ಣ ಇನ್ನೊಂದು ಕಿವಿ. ಐದನೆಯ ಹೆಜ್ಜೆಗೆ ಕಿಟ್ಟಣ್ಣನ ಕೈಯ ಗೋಣಿತುಂಡು ಜಾರಿ, ಕಾದ ಹಿತ್ತಾಳೆ ಬರಿಯ ಅಂಗೈಗೆ ಒತ್ತಿತು.

ಸುಟ್ಟಿತು. ಆದರೆ ಅವನು ಹಿಡಿದೇ ಇದ್ದ. ಅವನ ಮುಖ ನೋಡಿ ಶೀನ ಕೇಳಿದ: "ಕೈ ಸುಡ್ತದಾ ಕಿಟ್ಟಣ್ಣ? ಸ್ವಲ್ಪ ಹಿಡ್ಕೊಳ್ಳಿ. ಎಡಕ್ಕೆ ತರಕಾರಿ ಕಟ್ಟೆ ಉಂಟು, ಇಳಿಸುವ."

ಎಡಕ್ಕೆ ಕಲ್ಲಿನ ಕಟ್ಟೆ ಇದ್ದದ್ದು ಕಿಟ್ಟಣ್ಣನಿಗೂ ಕಂಡಿತು. ಎರಡೇ ಹೆಜ್ಜೆ. ಶೀನನ ಬರಿಗಾಲುಗಳೂ ಕಂಡವು. ಬಿಟ್ಟರೆ ಎಂಬ ಒಂದು ಮಾತು ತಲೆಯೊಳಗೆ ಬಂತು. ಅದು ಬಂದದ್ದೂ ಅವನಿಗೆ ಗೊತ್ತಾಯಿತು. ಆಮೇಲೆ ಕೈ ಬಿಟ್ಟಿತು.

ಶೀನನನ್ನು ಕುದುರೆಗಾಡಿಯಲ್ಲಿ ಆಸ್ಪತ್ರೆಗೆ ಒಯ್ದರು. ತೊಡೆಯಿಂದ ಪಾದದವರೆಗೆ ಎರಡೂ ಕಾಲು ಬೆಂದಿದ್ದವು. ಮೂರು ತಿಂಗಳು ಮಲಗಿ ಎದ್ದಾಗ ಬಲಗಾಲಿನ ಬೆರಳುಗಳು ಒಂದಕ್ಕೊಂದು ಅಂಟಿ, ಹಿಮ್ಮಡಿ ನೆಲ ಮುಟ್ಟದಂತಾಗಿತ್ತು. ಒಲೆಯ ಮುಂದೆ ಅರ್ಧ ಗಂಟೆಯೂ ನಿಲ್ಲುವ ಹಾಗಿರಲಿಲ್ಲ.

ಯಾರೂ ಕಿಟ್ಟಣ್ಣನನ್ನು ಒಂದು ಮಾತು ಅನ್ನಲಿಲ್ಲ. ಅವನ ಅಂಗೈಯಲ್ಲಿ ಇಷ್ಟಗಲದ ಬೊಬ್ಬೆ ಎದ್ದಿತ್ತು. ಅದನ್ನು ನೋಡಿದವರೆಲ್ಲ, ಬೆಂಕಿ ಮುಟ್ಟಿದರೆ ಕೈ ತಾನಾಗಿ ಬಿಡುತ್ತದೆ, ಮನುಷ್ಯನ ಕೈಯಲ್ಲಿ ಏನಿದೆ ಎಂದರು. ಮೊದಲ ದಿನವೇ ಆಸ್ಪತ್ರೆಯ ಮಂಚದ ಮೇಲಿಂದ ಶೀನನೂ ಅದನ್ನೇ ಹೇಳಿದ.

"ನಿಮ್ಮ ಕೈ ತೋರಿಸಿ ಕಿಟ್ಟಣ್ಣ. ಅಯ್ಯೋ, ಇಷ್ಟು ಸುಟ್ಟಿದೆಯಾ. ಮತ್ತೆ ಬಿಡದೆ ಎಂತ ಮಾಡ್ತೀರಿ?"

ಅಷ್ಟೇ ಅಲ್ಲ. ಹದಿನೈದನೆಯ ದಿನ, ಇನ್ನೂ ಸರಿಯಾಗಿ ಕೂರಲಾರದವನು, ಕಿಟ್ಟಣ್ಣನನ್ನು ಹತ್ತಿರ ಕರೆದು ತನ್ನ ಸಾಂಬಾರಿನ ಕ್ರಮ ಹೇಳಿಕೊಟ್ಟ. ಕೊತ್ತಂಬರಿಯನ್ನು ಬೇರೆಯಾಗಿ, ಮೆಂತೆಯನ್ನು ಕಟ್ಟಕಡೆಗೆ ಹುರಿಯಬೇಕು. ಹುಣಸೆರಸ ಕುದಿದು ಹಸಿ ವಾಸನೆ ಹೋಗುವ ತನಕ ಬೇಳೆ ಸೇರಿಸಬಾರದು. ಬೆಲ್ಲ ಇದೆ ಎಂದು ತಿನ್ನುವವನಿಗೆ ಗೊತ್ತಾಗಬಾರದು. "ನಾನು ಬರುವ ತನಕ ಹೋಟೆಲಿನ ಹೆಸರು ಹೋಗ್ಬಾರ್ದಲ್ಲ" ಎಂದ.

ದೀಪಾವಳಿಯಂದು ರಾಯರು ಕಿಟ್ಟಣ್ಣನನ್ನೇ ಒಲೆಯ ಮುಂದೆ ನಿಲ್ಲಿಸಿದ್ದರು. ಆ ಬೆಳಿಗ್ಗೆ ಬಡಿಸುವವನೊಬ್ಬ ಒಳಗೆ ಬಂದು "ಮಾಸ್ಟರ್, ಇನ್ನೊಂದು ಈಡು ಇಡ್ಲಿ" ಎಂದು ಕೂಗಿದಾಗ ಕಿಟ್ಟಣ್ಣನ ಬೆನ್ನ ಮೇಲೆ ತಂಪುಗಾಳಿ ಬೀಸಿದ ಹಾಗೆ ಸುಖವಾಯಿತು. ಅವನು ಆ ಸುಖವನ್ನು ಎಂದೂ ಮರೆಯಲಿಲ್ಲ. ನೋವಾದದ್ದು, ಹೆದರಿದ್ದು, ಅತ್ತದ್ದು ಎಲ್ಲ ನಿಜ. ಸುಖವಾದದ್ದೂ ನಿಜ. ಮುಂದೆ ವರ್ಷಗಟ್ಟಲೆ ಅವನನ್ನು ಕೊರೆದದ್ದು ಶೀನನ ಕಾಲಿಗಿಂತ ಹೆಚ್ಚಾಗಿ ಆ ಒಂದು ಗಳಿಗೆಯ ಸುಖ.

ಶೀನ ಹಿಂತಿರುಗಿ ಬಂದು ಮೆಟ್ಟುಕತ್ತಿಯ ಮುಂದೆ ಕಾಲು ಚಾಚಿ ತರಕಾರಿ ಹೆಚ್ಚುವ ಕೆಲಸಕ್ಕೆ ಕೂತ. ಕಿಟ್ಟಣ್ಣ ಅವನ ಕಾಲಿಗೆ ದಿನಾ ಎಣ್ಣೆ ಹಚ್ಚಿದ, ಮೆಟ್ಟಿಲಿನಲ್ಲಿ ಹೊತ್ತು ಇಳಿಸಿದ, ಊರಿಗೆ ಬರೆದು ಹೆಣ್ಣು ನೋಡಿಸಿದ. ಐವತ್ತೇಳರಲ್ಲಿ ಜಲಜಾಕ್ಷಿ ಎಂಬ ಗಟ್ಟಿ ಹುಡುಗಿ, ಕುಂಟುಕಾಲಿನವನೆಂದು ತಿಳಿದೂ ಒಪ್ಪಿ ಬಂದಳು. ಅವರು ತಿರುವೊಟ್ಟಿಯೂರಿನಲ್ಲಿ, ದೇವಸ್ಥಾನದ ಕೆರೆಯ ಹಿಂದಿನ ಓಣಿಯಲ್ಲಿ ಮನೆ ಹಿಡಿದು, ಜಗಲಿಯಲ್ಲೇ ಇಡ್ಲಿ ಅಂಗಡಿ ಇಟ್ಟರು. ಕಾರ್ಖಾನೆಗಳ ಪಾಳಿಗೆ ಹೋಗುವವರು, ಬಲೆ ಒಣಗಲು ಹಾಕಿ ಬಂದ ಮೀನುಗಾರರು ಗಿರಾಕಿಗಳು. ಕೂತಲ್ಲಿಂದ ಶೀನ ಹೇಳಿದ ಹಾಗೆ ಜಲಜಾಕ್ಷಿ ಮಾಡುವಳು. ಕೋರ್ಟಿಗೆ ರಜೆಯಿದ್ದ ಭಾನುವಾರ ಹೋಟೆಲು ಮುಚ್ಚುತ್ತಿತ್ತು. ಪ್ರತಿ ಭಾನುವಾರ ಕಿಟ್ಟಣ್ಣ ಬಸ್ಸು ಹತ್ತಿ ಅಲ್ಲಿಗೆ ಹೋಗುವನು. ನೀರು ಸೇದುವನು, ಕಟ್ಟಿಗೆ ಒಡೆಯುವನು, ಹಿಟ್ಟು ರುಬ್ಬುವನು. ತನ್ನ ಮದುವೆಯ ಮಾತು ಬಂದಾಗೆಲ್ಲ "ನನಗೆ ಎಂತಕ್ಕೆ?" ಎಂದುಬಿಡುವನು. ಒಡಹುಟ್ಟಿದವನೂ ಇಷ್ಟು ಮಾಡುವುದಿಲ್ಲ ಎಂದು ಓಣಿಯವರು ಹೊಗಳಿದಾಗ ಅವನು ಅರ್ಧ ಊಟಕ್ಕೇ ಎಲೆ ಮಡಚಿ ಏಳುತ್ತಿದ್ದ.

ಹೋಟೆಲಿಗೆ ದಿನಾ ಮೂರು ಗಂಟೆಯ ಕಾಫಿಗೆ ಬರುತ್ತಿದ್ದ ಪಂಢರಿನಾಥ ಆಚಾರ್ಯರು ಒಬ್ಬ ದೊಡ್ಡ ವಕೀಲರ ಗುಮಾಸ್ತರು. ಮೂರು ತಲೆಮಾರಿನಿಂದ ತಿರುವಲ್ಲಿಕೇಣಿಯಲ್ಲಿದ್ದವರು. ಅವರ ಕನ್ನಡದಲ್ಲಿ ಅರ್ಧ ತಮಿಳು. ಒಂದು ದಿನ ಗಿರಾಕಿಗಳಿಲ್ಲದ ಹೊತ್ತು ನೋಡಿ ಕಿಟ್ಟಣ್ಣ ತಾನೇ ಕಾಫಿ ತಂದಿಟ್ಟು, ಅಲ್ಲೇ ನಿಂತ.

"ಆಚಾರ್ರೇ, ಊರಲ್ಲಿ ಒಬ್ಬನದ್ದು ಒಂದು ಕೇಸುಂಟು. ಅವನ ಕೈಯಿಂದ ಇನ್ನೊಬ್ಬನಿಗೆ ಪೆಟ್ಟಾಯ್ತು. ಕೈ ತಾನಾಗಿ ಮಾಡಿದ್ದೋ, ಅವನು ಮಾಡಿದ್ದೋ ಅಂತ ಹೇಗೆ ಗೊತ್ತು ಮಾಡುವುದು?"

ಆಚಾರ್ಯರು ಡಬರಿಯಲ್ಲಿ ಕಾಫಿ ಆರಿಸುತ್ತ ಯೋಚಿಸಿದರು. "ನೋಡಪ್ಪಾ, ಕಣ್ಣ ಹತ್ರ ಒಂದು ಪೂಚಿ ಹಾರಿ ಬಂದ್ರೆ ರೆಪ್ಪೆ ಮುಚ್ಕೊಳ್ಳತ್ತೆ. ಮುಚ್ಚಲಾ ಅಂತ ನಿನ್ನ ಕೇಳತ್ತಾ? ಅದು ಹುಟ್ಟುಗುಣ, ಕೋಳಿಮರಿಗೂ ಇದೆ. ಅದಕ್ಕೆ ಕೇಸೇ ಇಲ್ಲ."

"ಹೌದು."

"ಇನ್ನೊಂದು ಒಳಗಿಂದ ಉಕ್ಕಿ ಬರೋದು. ಹೊಟ್ಟೆಗೆ ಪಸಿ ಬರತ್ತೆ, ಕೋಪ ಬರತ್ತೆ, ಎದುರಿಗಿರೋನ ಕೆನ್ನೆಗೆ ಒಂದು ಬಿಡಣಾ ಅನ್ಸತ್ತೆ. ಬಂದದ್ದಕ್ಕೆ ಯಾರೂ ಜೈಲಿಗೆ ಹಾಕಲ್ಲ. ಎರಡು ನಿಮಿಷ ಹಲ್ಲು ಕಚ್ಚಿ ಕೂತ್ರೆ ಅದೇ ಇಳಿಯತ್ತೆ."

ಕಿಟ್ಟಣ್ಣನಿಗೆ ಉಪ್ಪಿನ ಮುಷ್ಟಿ ನೆನಪಾಯಿತು. "ಮತ್ತೆ ಆಸೆ?" ಎಂದ.

"ಆಸೆ ಹಾಗಲ್ಲ ಪಾ. ಅದನ್ನ ನಾವೇ ಕರೆದು, ಮಣೆ ಹಾಕಿ, ದಿನಾ ಬಡಿಸಿ ಸಾಕ್ತೀವಿ. ಕೋರ್ಟು ಹುಡುಕೋದು ಅದನ್ನ. ಮೊದಲಿಂದ ಮನಸ್ಸಲ್ಲಿ ಏನಿತ್ತು ಅಂತ."

"ಮೂರೂ ಒಂದೇ ಗಳಿಗೆಯಲ್ಲಿ ಬಂದ್ರೆ?"

ಆಚಾರ್ಯರು ನಕ್ಕರು. "ಹಾಗಾದ್ರೆ ಅದು ಆ ಮನುಷ್ಯನೊಬ್ಬನಿಗೇ ಗೊತ್ತು. ಅವನಿಗೂ ಎಷ್ಟು ದಿನ ಗೊತ್ತಿರತ್ತೆ? ಮೂರು ವಾಯ್ದೆ ಆದ್ಮೇಲೆ ತಾನು ಹೇಳಿದ್ದನ್ನೇ ತಾನು ನಂಬ್ತಾನೆ. ನಾನು ಎಷ್ಟು ಜನಾನ ನೋಡಿಲ್ಲ."

ಆ ದಿನದಿಂದ ಕಿಟ್ಟಣ್ಣ ತನ್ನ ಕೈಯನ್ನು ಪರೀಕ್ಷೆ ಮಾಡತೊಡಗಿದ. ಒಲೆಯಿಂದ ಇಳಿಸಿದ ಹಾಲಿನ ಪಾತ್ರೆಯನ್ನು ಬಟ್ಟೆಯಿಲ್ಲದೆ ಹಿಡಿಯುವನು. ಇಡ್ಲಿಯ ತಟ್ಟೆಯನ್ನು ಹಬೆಯಿಂದ ಬರಿಗೈಯಲ್ಲಿ ಎತ್ತುವನು. ಕೈ ಬಿಡುತ್ತದೆಯೋ ಎಂದು ನೋಡುವನು. ಬಿಟ್ಟುಬಿಟ್ಟಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಬಿಡುತ್ತಿರಲಿಲ್ಲ. ಅಡಿಗೆಮನೆಯವರು ಮಾಸ್ಟರದ್ದು ಮರದ ಕೈ ಎಂದು ತಮಾಷೆ ಮಾಡಿದರು. ಆದರೆ ಇದು ಲೆಕ್ಕಕ್ಕೆ ಬರುವುದಿಲ್ಲ ಎಂದು ಅವನಿಗೇ ಅನಿಸುತ್ತಿತ್ತು; ಸುಡುತ್ತದೆಂದು ಮೊದಲೇ ತಿಳಿದು ಹಿಡಿದ ಕೈ ಗಟ್ಟಿ ಮಾಡಿಕೊಂಡಿರುತ್ತದೆ. ಅಂದು ಹಾಗೆ ತಿಳಿದಿರಲಿಲ್ಲ. ಈ ಒಂದು ಸಂದೇಹವನ್ನು ಅವನು ದೇವರ ಹೂವಿನ ಹಾಗೆ ಕಾಪಾಡಿಕೊಂಡ. ಯಾರಿಗೆ ಗೊತ್ತು, ಕೈಯೇ ಬಿಟ್ಟಿರಬಹುದು. ಹಾಗೆ ಅಂದುಕೊಂಡ ದಿನಗಳಲ್ಲಿ ಹಗುರವಾಗಿ ಬಸ್ಸು ಹತ್ತುತ್ತಿದ್ದ.

ಅರವತ್ತನಾಲ್ಕರ ಒಂದು ಭಾನುವಾರ ಆ ಸಂದೇಹವೂ ಹೋಯಿತು.

ಬೆಳಗಿನ ವ್ಯಾಪಾರ ಮುಗಿದಿತ್ತು. ಮಧ್ಯಾಹ್ನದ ಊಟಕ್ಕೆ ಜಲಜಾಕ್ಷಿ ದೊಡ್ಡ ಗುಂಡಿ ಪಾತ್ರೆಯಲ್ಲಿ ಅನ್ನ ಬೇಯಿಸಿ, ಗಂಜಿ ಬಸಿಯಲು ಒಲೆಕಟ್ಟೆಯ ಅಂಚಿನಲ್ಲಿ ಬಾಗಿಸಿಟ್ಟು, ಸೊಪ್ಪು ತೊಳೆಯಲು ಎದ್ದಳು. ಶೀನನ ಮಗಳು ಅಂಬುಜಾ, ಆರು ವರ್ಷದವಳು, ಆಟದ ಹುಣಸೆಬೀಜ ಉರುಳಿ ಹೋಯಿತೆಂದು ಕಟ್ಟೆಯ ಕೆಳಗೆ ತಲೆ ಹಾಕಿ ಹುಡುಕುತ್ತಿದ್ದಳು. ಕಿಟ್ಟಣ್ಣ ಗೋಡೆಯ ಕಡೆಗೆ ಮುಖ ಮಾಡಿ ಸಣ್ಣ ಈರುಳ್ಳಿ ಸುಲಿಯುತ್ತ, ಜಗಲಿಯಲ್ಲಿದ್ದ ಶೀನನೊಡನೆ ಪಕ್ಕದ ಮಣಲಿಯಲ್ಲಿ ಎಣ್ಣೆ ಕಾರ್ಖಾನೆ ಬರುತ್ತದಂತೆ ಎಂಬ ಸುದ್ದಿ ಮಾತಾಡುತ್ತಿದ್ದ.

ಗುಂಡಿ ಜಾರಿದ ಸದ್ದು ಕೇಳಿದ್ದು ಅವನಿಗೆ ನೆನಪಿಲ್ಲ. ಎದ್ದದ್ದು ನೆನಪಿಲ್ಲ. ನೆನಪಿರುವುದು ಇಷ್ಟು: ಹೊಗೆಯಾಡುವ ಗುಂಡಿ ಅವನ ಎರಡು ಅಂಗೈಗಳ ನಡುವೆ, ಎದೆಗೆ ಒತ್ತಿಕೊಂಡು ಇದೆ, ಅದರ ಕೆಳಗೆ ಮಗುವಿನ ಎಣ್ಣೆ ಹಚ್ಚಿ ಬಾಚಿದ ತಲೆ ಇದೆ. ಬಿಸಿ ಗಂಜಿ ಅವನ ಮುಂಗೈಯಲ್ಲಿ ಇಳಿಯುತ್ತಿತ್ತು. ಜಲಜಾಕ್ಷಿ ಓಡಿಬಂದು ಮಗುವಿನ ಕಾಲು ಹಿಡಿದು ಆಚೆಗೆ ಎಳೆದಳು. ಆಮೇಲೆ ಅವನು ಗುಂಡಿಯನ್ನು ಮೆಲ್ಲಗೆ ನೆಲಕ್ಕೆ ಇಟ್ಟ. ಒಂದಗಳು ಅನ್ನವೂ ಮಗುವಿನ ಮೇಲೆ ಬಿದ್ದಿರಲಿಲ್ಲ.

"ಎನ್ನಮ್ಮಾ ಆಚ್ಚು?" ಏನಾಯಿತೆಂದು ಅಂಬುಜಾ ತಮಿಳಿನಲ್ಲಿ ಕೇಳಿ, ದೊಡ್ಡವರ ಮುಖ ನೋಡಿ ಅಳತೊಡಗಿದಳು.

"ಭಾವ, ನೀವು ಇಲ್ಲದಿದ್ರೆ ಇವತ್ತು ನನ್ನ ಮಗು..." ಜಲಜಾಕ್ಷಿ ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು.

ಕಿಟ್ಟಣ್ಣ ತನ್ನ ಅಂಗೈಗಳನ್ನು ನೋಡುತ್ತ ಕೂತ. ಚರ್ಮ ಬೆಳ್ಳಗಾಗಿ ಎದ್ದಿತ್ತು. ಈ ಸಲ ಕೈಯನ್ನು ಗಟ್ಟಿ ಮಾಡಿಕೊಳ್ಳಲು ಸಮಯವಿರಲಿಲ್ಲ. ಯೋಚಿಸಲು ಸಮಯವಿರಲಿಲ್ಲ. ಅವನ ಕೈ ಯಾರನ್ನೂ ಕೇಳದೆ ಹೋಗಿ ಬೆಂಕಿಯಂಥ ಪಾತ್ರೆಯನ್ನು ಹಿಡಿದಿತ್ತು. ಬಿಡು ಎಂದು ನೋವು ಹೇಳಿದರೂ ಬಿಟ್ಟಿರಲಿಲ್ಲ. ಇಂಥ ಕೈ ಅಂದು ತಾನಾಗಿ ಬಿಟ್ಟಿತೆಂದು ಇನ್ನು ಯಾವ ಬಾಯಿಂದ ಹೇಳುವುದು?

ಶೀನ ಕುಂಟುತ್ತ ಒಳಗೆ ಬಂದ. ತೆಂಗಿನೆಣ್ಣೆಯನ್ನು ಸುಣ್ಣದ ತಿಳಿಯೊಡನೆ ಕಡೆದು, ಎದುರಿಗೆ ಕೂತು, ಕಿಟ್ಟಣ್ಣನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೋಳಿಪುಕ್ಕದಿಂದ ಹಚ್ಚತೊಡಗಿದ. ಕಿಟ್ಟಣ್ಣನ ಕಣ್ಣಿಂದ ನೀರು ಸುರಿಯಿತು.

"ಉರಿ ಉಂಟಾ? ಈಗ ಕಡಿಮೆ ಆಗ್ತದೆ" ಎಂದ ಶೀನ.

"ಉರಿಗಲ್ಲ ಮಾರಾಯ" ಎಂದ ಕಿಟ್ಟಣ್ಣ. "ಶೀನ, ಅವತ್ತು ಕೈ ಬಿಟ್ಟದ್ದಲ್ಲ. ನಾನು ಬಿಟ್ಟದ್ದು."

ಪುಕ್ಕ ನಿಲ್ಲಲಿಲ್ಲ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ತನಕ ಹಚ್ಚಿ ಮುಗಿಸಿ ಶೀನ ಎಡಗೈ ಎತ್ತಿಕೊಂಡ.

"ಕಟ್ಟೆ ಎರಡೇ ಹೆಜ್ಜೆ ಇತ್ತು" ಎಂದ ಕಿಟ್ಟಣ್ಣ. "ನೀನು ಹೇಳಿದ್ದು ಕೇಳಿತ್ತು. ಹಿಡ್ಕೊಳ್ಳಲಿಕ್ಕೆ ಆಗ್ತಿತ್ತು. ನೀನು ಮಾಸ್ಟರ್ ಆಗ್ತಿ ಅಂತ ನನಗೆ ತಡೆಯಲಿಲ್ಲ."

ಎಡಗೈಗೂ ಹಚ್ಚಿಯಾಯಿತು. ಶೀನ ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟು, ಬಟ್ಟೆ ಸುತ್ತಿ, ಗಂಟು ಹಾಕಿದ. ಆಮೇಲೆ ಕೇಳಿದ: "ಎಷ್ಟು ವರ್ಷ ಆಯ್ತು?"

"ಒಂಬತ್ತು."

"ಒಂಬತ್ತು ವರ್ಷ ನೀವು ಆದಿತ್ಯವಾರ ಆದಿತ್ಯವಾರ ಬಂದದ್ದು ಇದಕ್ಕಾ?"

ಕಿಟ್ಟಣ್ಣ ಬೈಗುಳಕ್ಕೆ ಸಿದ್ಧನಾಗಿದ್ದ, ಹೊಡೆತಕ್ಕೂ. ಈ ಪ್ರಶ್ನೆಗಲ್ಲ. ಹೌದು ಎಂದರೂ ಪೂರ್ತಿ ನಿಜವಲ್ಲ, ಅಲ್ಲ ಎಂದರೆ ಇನ್ನೂ ಸುಳ್ಳು.

"ಕಾಲು ಹೋದದ್ದು ಹೋಯ್ತು. ಅದಕ್ಕೆ ನಾನು ಯಾವಾಗಲೋ ಅತ್ತು ಮುಗಿಸಿದೆ" ಎಂದ ಶೀನ. "ಆದರೆ ನನಗೆ ಒಬ್ಬ ಅಣ್ಣ ಇದ್ದಾನೆ ಅಂತ ಎಣಿಸಿಕೊಂಡಿದ್ದೆ. ಜಲಜನ ಹತ್ರ ಎಷ್ಟು ಸರ್ತಿ ಹೇಳಿದ್ದೇನೆ. ಈಗ ಅದಕ್ಕೆ ಎಂತ ಮಾಡುವುದು?"

"ಶೀನ..."

"ಮಗು ಅಂತ ಹಿಡಿದ್ರಿ. ನಾನು ಅಂತ ಬಿಟ್ರಿ." ಅವನು ಗೋಡೆ ಹಿಡಿದು ಎದ್ದ. "ಕೈ ಗುಣ ಆಗ್ಲಿ. ಸ್ವಲ್ಪ ಸಮಯ ಇಲ್ಲಿಗೆ ಬರ್ಬೇಡಿ."

ಕಿಟ್ಟಣ್ಣ ಬಸ್ಸು ಹತ್ತಿದ. ಟಿಕೆಟ್ಟಿಗೆ ಚಿಲ್ಲರೆ ತೆಗೆಯಲು ಬೆರಳು ಮಡಚದೆ, ಕಂಡಕ್ಟರನೇ ಅವನ ಜೇಬಿಗೆ ಕೈ ಹಾಕಿ ತೆಗೆದುಕೊಂಡ.

ಮರುದಿನ ಅವನು ರಾಯರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಮಾಸ್ಟರ್ ಕೆಲಸ ಬೇಡ, ಪಾತ್ರೆ ತೊಳೆಯುತ್ತೇನೆ ಎಂದ. ರಾಯರು ಸುತ್ತಮುತ್ತ ನೋಡಿ ಧ್ವನಿ ತಗ್ಗಿಸಿದರು. "ಹಳೇ ಕತೆ ಅಗೆದರೆ ಹೋಟೆಲಿಗೆ ಹೆಸರು ಬರ್ತದಾ? ಹೋಗಿ ಒಲೆ ನೋಡು. ನಿನಗೆ ಉಷ್ಣ ಆಗಿದೆ, ಎಳನೀರು ಕುಡಿ." ಅವನನ್ನು ಶಿಕ್ಷಿಸಲು ಯಾರೂ ಮುಂದೆ ಬರಲಿಲ್ಲ. ಮಾಸ್ಟರ್, ಮಾಸ್ಟರ್ ಎಂಬ ಕೂಗು ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತಲೇ ಇತ್ತು.

ಭಾನುವಾರಗಳು ಬಂದವು. ಮೊದಲ ಭಾನುವಾರ ಅವನು ಮಹಡಿಯ ಕೋಣೆಯಲ್ಲಿ ಬಿದ್ದುಕೊಂಡಿದ್ದ. ಎರಡನೆಯದಕ್ಕೆ ಬಸ್‌ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದ. ಆಮೇಲಾಮೇಲೆ ಬಸ್ಸು ಹತ್ತಿ ನಡುದಾರಿಯ ರಾಯಪುರಂನಲ್ಲಿ ಇಳಿದು, ಕಡಲ ದಂಡೆಯಲ್ಲಿ ದೋಣಿಗಳ ಮರೆಯಲ್ಲಿ ಕೂತು, ಊಟದ ಹೊತ್ತಿಗೆ ಹಿಂದಿರುಗುವುದು ರೂಢಿಯಾಯಿತು. ಅಲ್ಲಿ ಕೂತಾಗ ಅವನಿಗೆ ಒಂದು ವಿಷಯ ಹೊಳೆಯಿತು. ಈಗ ಮಾಡಬೇಕಾದ ಪ್ರಾಯಶ್ಚಿತ್ತ ಯಾವುದೂ ಉಳಿದಿಲ್ಲ. ಎಲ್ಲ ಹೇಳಿಯಾಗಿದೆ, ಬರಬೇಡ ಎಂದೂ ಆಗಿದೆ. ಆದರೂ ಆ ಜಗಲಿ, ಶೀನನ ಗೊಣಗಾಟ, ಅಂಬುಜಾ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಕೊಡುವ ಉತ್ತರ, ಇವು ಬೇಕು ಬೇಕು ಎನಿಸುತ್ತಿದೆ. ಶೀನ ಕೇಳಿದ ಪ್ರಶ್ನೆಗೆ ಇದು ಉತ್ತರವಿರಬಹುದು. ಆದರೆ ಇದನ್ನು ಈಗ ಹೋಗಿ ಹೇಳಿದರೆ ಅದೂ ತನಗೆ ಬೇಕಾದದ್ದನ್ನು ಪಡೆಯುವ ಉಪಾಯದ ಹಾಗೆ ಕೇಳೀತೆಂದು ಹೆದರಿ ಅವನು ಸುಮ್ಮನಾದ.

ಹೀಗೆ ಎರಡೂವರೆ ವರ್ಷ ಕಳೆಯಿತು. ಅರವತ್ತೇಳರ ಬೇಸಿಗೆಯಲ್ಲಿ, ಮಧ್ಯಾಹ್ನದ ಗದ್ದಲ ಇಳಿದ ಹೊತ್ತಿಗೆ, ಜಲಜಾಕ್ಷಿ ಹೋಟೆಲಿನ ಹಿಂಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಒಂದು ಬಟ್ಟೆಚೀಲ. ಮುಖ ಬಿಸಿಲಿಗೆ ಕೆಂಪಾಗಿತ್ತು.

"ಒಳಗೆ ಬಾ ಜಲಜ" ಎಂದ ಕಿಟ್ಟಣ್ಣ.

"ಕೂರ್ಲಿಕ್ಕೆ ಬಂದದ್ದಲ್ಲ ಭಾವ. ಮಣಲಿಯಲ್ಲಿ ಕಾರ್ಖಾನೆ ಕಟ್ಟುವ ಜನ ಇದ್ದಾರಲ್ಲ, ಅವರಿಗೆ ದಿನಕ್ಕೆ ಮುನ್ನೂರು ಊಟ ಬೇಕಂತೆ. ಇವರು ಒಪ್ಪಿಕೊಂಡಿದ್ದಾರೆ. ದಾರಿಬದಿಯಲ್ಲಿ ಚಪ್ಪರ ಹಾಕಿಯಾಯ್ತು. ದೊಡ್ಡ ಪಾತ್ರೆ ಎತ್ತಲಿಕ್ಕೆ ನನ್ನಿಂದ ಆಗುದಿಲ್ಲ, ಇವರಿಂದಲೂ ಆಗುದಿಲ್ಲ."

"ಅವ ಹೇಳಿ ಕಳಿಸಿದ್ದಾ?"

ಜಲಜಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರನ್ನಾದ್ರೂ ನೋಡು ಅಂತ ಹೇಳಿದ್ರು. ಕಿಟ್ಟಣ್ಣನನ್ನು ಕೇಳ್ಲಾ ಅಂತ ನಾನು ಕೇಳಿದೆ. ಬೇಡ ಅಂತ ಹೇಳಲಿಲ್ಲ."

"ನಿನಗೆ ಎಲ್ಲ ಗೊತ್ತುಂಟಾ?"

"ಗೊತ್ತುಂಟು" ಎಂದಳು. "ಅವತ್ತೇ ಹೇಳಿದ್ರು. ನನಗೆ ನಿಮ್ಮ ಮೇಲೆ ಸಿಟ್ಟುಂಟು ಭಾವ. ಮಗುವಿನ ತಲೆ ಬಾಚುವಾಗೆಲ್ಲ ಆ ಸಿಟ್ಟು ಎಲ್ಲಿ ಇಡುವುದು ಅಂತ ಗೊತ್ತಾಗುದಿಲ್ಲ."

ಕಿಟ್ಟಣ್ಣ ಆ ವಾರವೇ ರಾಯರಿಗೆ ಹೇಳಿ ಕೆಲಸ ಬಿಟ್ಟ. ತಂಬುಚೆಟ್ಟಿ ಬೀದಿಯ ಮಾಸ್ಟರ್ ಹೋಗಿ ದಾರಿಬದಿಯ ಚಪ್ಪರದಲ್ಲಿ ಪಾತ್ರೆ ಎತ್ತುತ್ತಾನೆಂದು ಜನ ನಕ್ಕರು. ಅಲ್ಲಿ ಮಾಸ್ಟರ್ ಶೀನ. ಎತ್ತರದ ಸ್ಟೂಲಿನ ಮೇಲೆ ಒಲೆಯ ಪಕ್ಕಕ್ಕೆ ಕೂತು, ಉದ್ದದ ಸಟ್ಟುಗ ಹಿಡಿದು, ಇಷ್ಟು ನೀರು, ಅಷ್ಟು ಬೆಂಕಿ ಎಂದು ಹೇಳುವನು. ಕಿಟ್ಟಣ್ಣ ಹಾಗೆಯೇ ಮಾಡುವನು. ಮೊದಲ ತಿಂಗಳು ಅವರ ನಡುವೆ ಕೆಲಸದ ಮಾತಲ್ಲದೆ ಬೇರೆ ಮಾತಿರಲಿಲ್ಲ. ಎಣ್ಣೆ ಕಾರ್ಖಾನೆಯ ಕಂಬಗಳು ದಿನದಿನಕ್ಕೆ ಮೇಲೆ ಹೋಗುತ್ತಿದ್ದವು. ಲಾರಿಗಳ ಧೂಳು ಅನ್ನದ ಮೇಲೆ ಕೂರದಂತೆ ಕಿಟ್ಟಣ್ಣ ಗೋಣಿಯ ಪರದೆ ಕಟ್ಟಿದ. ಅದನ್ನು ಶೀನ ನೋಡಿ, ಮತ್ತೆ ಸಟ್ಟುಗಕ್ಕೆ ಕೈ ಹಾಕಿದ.

ಒಂದು ಮಧ್ಯಾಹ್ನ ಮುನ್ನೂರು ಎಲೆಯೂ ಎದ್ದ ಮೇಲೆ, ಚಪ್ಪರದಲ್ಲಿ ಇವರಿಬ್ಬರೇ ಉಳಿದಿದ್ದರು. ಕಿಟ್ಟಣ್ಣ ಎಂದಿನಂತೆ ತನ್ನ ತಟ್ಟೆ ಹಿಡಿದು ಹೊರಗೆ ಬೇವಿನ ಮರದ ಕೆಳಗೆ ಹೋಗಲು ಎದ್ದ.

"ಕಿಟ್ಟಣ್ಣ" ಎಂದು ಕರೆದ ಶೀನ. ಮೂರು ವರ್ಷಗಳಲ್ಲಿ ಆ ಹೆಸರು ಅವನ ಬಾಯಿಂದ ಬಂದದ್ದು ಅದೇ ಮೊದಲು. "ನಾನು ಎಲ್ಲ ಮರೆತಿದ್ದೇನೆ ಅಂತ ಎಣಿಸ್ಬೇಡಿ."

"ಇಲ್ಲ ಶೀನ. ಎಣಿಸಿಲ್ಲ."

"ಮರೆಯ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

"ಬೇಡ."

ಶೀನ ಸ್ಟೂಲಿನಿಂದ ಇಳಿದು, ಕೆಟ್ಟ ಕಾಲನ್ನು ಕೈಯಿಂದ ಎತ್ತಿ ಸರಿಮಾಡಿಕೊಂಡು ಚಾಪೆಯ ಮೇಲೆ ಕೂತ. ಪಕ್ಕದಲ್ಲಿದ್ದ ಖಾಲಿ ತರಕಾರಿ ಬುಟ್ಟಿಯನ್ನು ಅತ್ತ ದೂಡಿದ.

"ಬಿಸಿಲಿಗೆ ಎಲ್ಲಿಗೆ ಹೋಗ್ತೀರಿ? ಇಲ್ಲಿಯೇ ಕೂತು ಉಣ್ಣಿ. ಮಜ್ಜಿಗೆ ಸ್ವಲ್ಪವೇ ಉಂಟು, ಇಬ್ಬರಿಗೆ ಸಾಕು."

ಕಿಟ್ಟಣ್ಣ ಕೂತ. ಇಬ್ಬರೂ ಮಜ್ಜಿಗೆ ಹಂಚಿಕೊಂಡು ಉಂಡರು. ಉಂಡೆದ್ದ ಮೇಲೆ ರಾತ್ರಿ ಪಾಳಿಯವರಿಗೆ ಎಷ್ಟು ಬೇಳೆ ನೆನೆಹಾಕಬೇಕೆಂದು ಅವನು ಕೇಳಿದ. ಶೀನ ಬಾಯಿ ಮುಕ್ಕಳಿಸಿ, ಆರು ಸೇರು ಎಂದ.